ಮಳೆಯ ಮಣ್ಣಿನ ವಾಸನೆಯೂ ನಮ್ಮ ಮಕ್ಕಳ ಪಂದ್ಯವೂ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಹತ್ತಿದವರು ಪಂಪನಿಂದ ಹೊರಟು ಏಕೀಕರಣದವರೆಗೆ ಒಮ್ಮೆ ನಡೆದು ಬರುವುದು ವಾಡಿಕೆ. ಆ ದಾರಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ಆದುದರಿಂದ ನಾವು ಬೇರೊಂದು ಸಂಗತಿಯನ್ನು ಎತ್ತಿಕೊಳ್ಳುತ್ತೇವೆ. ಪುಣೆಯ ನಮ್ಮ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಈಚೆಗೆ ‘ಐಜೆಮ್’ ಎಂಬ ಹೆಸರನ್ನು ಹೇಳುತ್ತಿದ್ದಾರೆ. ಬೇಸಿಗೆಯ ರಜೆಗೆ ಊರಿಗೆ ಬರುವುದಿಲ್ಲ, ಪ್ರಯೋಗಶಾಲೆಯಲ್ಲಿ ಕೆಲಸವಿದೆ ಎನ್ನುತ್ತಾರೆ. ತಂದೆ ಕೇಳುತ್ತಾರೆ: ಇದರಿಂದ ಮಾರ್ಕು ಬರುತ್ತದೆಯೆ? ತಾಯಿ ಕೇಳುತ್ತಾರೆ: ಕೈಗೆ ಮೈಗೆ ಏನಾದರೂ ಅಂಟಿದರೆ? ಅಜ್ಜಿಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ದೇವರು ಮಾಡಿದ್ದನ್ನು ತಿದ್ದುವುದಕ್ಕೆ ನೀನು ಯಾರೋ?

ಮೊದಲು ಇದು ಏನೆಂಬುದನ್ನು ಹೇಳಿಬಿಡೋಣ. 2003ರ ಜನವರಿಯಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಒಂದು ತಿಂಗಳ ತರಗತಿ ನಡೆಯಿತು. ಮಿಣುಕುಹುಳದ ಹಾಗೆ ಮಿನುಗಿ ಆರುವ ಜೀವಕೋಶವನ್ನು ಕಾಗದದ ಮೇಲೆ ರೂಪಿಸಿರೆಂದು ವಿದ್ಯಾರ್ಥಿಗಳಿಗೆ ಹೇಳಿದರು. ಮರುವರ್ಷ ಅದು ಐದು ಕಾಲೇಜುಗಳ ಪಂದ್ಯವಾಯಿತು. 2005ರಲ್ಲಿ ಹೊರದೇಶದ ತಂಡಗಳೂ ಸೇರಿ ಹದಿಮೂರಾದವು. ಮುಂದಿನ ವರ್ಷವೇ, 2006ರಲ್ಲಿ, ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡ ಅಲ್ಲಿತ್ತು. 2012ರಿಂದ ಪಂದ್ಯವನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಸ್ವತಂತ್ರ ಪ್ರತಿಷ್ಠಾನ. ಈಚಿನ ವರ್ಷಗಳಲ್ಲಿ 300ಕ್ಕೂ ಮಿಕ್ಕಿ ತಂಡಗಳು ಬರುತ್ತಿವೆ. 2022ರಿಂದ ಮಹಾಮೇಳ ಪ್ಯಾರಿಸಿಗೆ ಹೋಗಿದೆ. ಪುಣೆಯ ಐಸರ್ ಸಂಸ್ಥೆ, ಮದರಾಸಿನ ಐ.ಐ.ಟಿ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇವುಗಳ ವಿದ್ಯಾರ್ಥಿಗಳೂ ಹೋಗಿ ಬಂದಿದ್ದಾರೆ.

ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ನೆನೆಯಿರಿ. ಸಾಸಿವೆಗೊಂದು ಬಟ್ಟಲು, ಜೀರಿಗೆಗೊಂದು ಬಟ್ಟಲು. ಟಾಮ್ ನೈಟ್ ಎಂಬ ಎಂ.ಐ.ಟಿ.ಯ ಇಂಜಿನಿಯರಿಗೆ, ಮೂಲತಃ ಗಣಕಯಂತ್ರದವರು, ವಂಶವಾಹಿಗಳನ್ನೂ ಹೀಗೆ ಬಟ್ಟಲುಗಳಲ್ಲಿ ಇಟ್ಟರೇನು ಎಂದು ಹೊಳೆಯಿತು. ಕೆಲಸ ಶುರುಮಾಡು ಎನ್ನುವ ತುಣುಕು, ಇಂಥ ಪದಾರ್ಥವನ್ನು ತಯಾರಿಸು ಎನ್ನುವ ತುಣುಕು, ಸಾಕು ನಿಲ್ಲಿಸು ಎನ್ನುವ ತುಣುಕು. ಎಲ್ಲದರ ತುದಿಗಳನ್ನೂ ಒಂದೇ ಅಳತೆಗೆ ತಂದರೆ, ಮಕ್ಕಳು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿದಂತೆ ಜೋಡಿಸಬಹುದು. ಅದಕ್ಕೇ ಇವಕ್ಕೆ ‘ಬಯೋಬ್ರಿಕ್’ ಎಂದು ಹೆಸರು. ಗೆದ್ದವರಿಗೆ ಕೊಡುವುದೂ ಲೋಹದ ಒಂದು ದೊಡ್ಡ ಇಟ್ಟಿಗೆಯನ್ನೇ. ಆದರೆ ಜೀವಕೋಶ ಇಟ್ಟಿಗೆಗೂಡಲ್ಲ. ಒಂದು ಕಡೆ ಸರಿಯಾಗಿ ನಡೆದ ತುಣುಕು ಇನ್ನೊಂದರ ಪಕ್ಕದಲ್ಲಿ ಮುನಿಸಿಕೊಳ್ಳುತ್ತದೆ. ಆರು ತಿಂಗಳು ದುಡಿದೂ ಕೋಶ ಹೇಳಿದ ಮಾತು ಕೇಳಲಿಲ್ಲವೆಂದು ವರದಿ ಒಪ್ಪಿಸುವ ತಂಡಗಳು ಎಷ್ಟೋ. ಅಂಥವರಿಗೂ ಪದಕ ಸಿಗುವುದುಂಟು, ಏಕೆಂದರೆ ಕಂಚು, ಬೆಳ್ಳಿ, ಚಿನ್ನಗಳನ್ನು ಇಲ್ಲಿ ಮೊದಲಿಗ, ಎರಡನೆಯವ ಎಂದು ಎಣಿಸಿ ಕೊಡುವುದಿಲ್ಲ. ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದವರಿಗೆಲ್ಲ ಉಂಟು. ನಮ್ಮ ಪರೀಕ್ಷೆಗಳಲ್ಲೂ ಇಂಥ ಏರ್ಪಾಡು ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಜೂನ್ ತಿಂಗಳು ಶಾಂತವಾಗಿರುತ್ತಿತ್ತು.

ಹಾಗಾದರೆ ಏನು ಮಾಡಿದ್ದಾರೆ? ಟೆಕ್ಸಾಸ್ ವಿದ್ಯಾರ್ಥಿಗಳು ಇ. ಕೋಲಿ ಎಂಬ ಸೂಕ್ಷ್ಮಾಣುವಿಗೆ ಬೆಳಕನ್ನು ಅರಿಯುವ ಗುಣವನ್ನು ನೀಲಿಹಸುರು ಪಾಚಿಯೊಂದರಿಂದ ತಂದು ಕೂಡಿಸಿದರು. ಬೆಳಕು ಬಿದ್ದಲ್ಲಿ ತಿಳಿ, ಕತ್ತಲಲ್ಲಿ ಕಪ್ಪು. ಹೀಗೆ ಸೂಕ್ಷ್ಮಾಣುಗಳ ಹಾಸೇ ಛಾಯಾಚಿತ್ರದ ಕಾಗದವಾಯಿತು. 2005ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. 2006ರಲ್ಲಿ ಎಂ.ಐ.ಟಿ.ಯ ಹುಡುಗರು, ಸಹಜವಾಗಿ ದುರ್ನಾತ ಬೀರುವ ಅದೇ ಸೂಕ್ಷ್ಮಾಣು ಬೆಳೆಯುವಾಗ ವಿಂಟರ್‌ಗ್ರೀನ್ ಎಣ್ಣೆಯಂತೆಯೂ ಬೆಳವಣಿಗೆ ನಿಂತಾಗ ಬಾಳೆಹಣ್ಣಿನಂತೆಯೂ ಗಮಗಮಿಸುವಂತೆ ಮಾಡಿದರು. ಇದು ವಿನೋದ. ವಿನೋದವಲ್ಲದ್ದೂ ಉಂಟು. ಅದೇ ವರ್ಷ ಎಡಿನ್‌ಬರೋ ತಂಡ ಬಾವಿಯ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದ್ದರೆ ಸುಳಿವು ಕೊಡುವ ಸೂಕ್ಷ್ಮಾಣುವನ್ನು ರೂಪಿಸಿತು. ಅವರ ಕಣ್ಣು ಇದ್ದದ್ದು ಬಂಗಾಳದ ಬಾವಿಗಳ ಮೇಲೆ. ಆದರೆ ನಮ್ಮ ಯಾದಗಿರಿ, ರಾಯಚೂರು ಜಿಲ್ಲೆಗಳ ಕೆಲವು ಹಳ್ಳಿಗಳ ನೀರಿನಲ್ಲೂ ಈ ವಿಷ ಕಂಡುಬಂದಿದೆ. ಪುಣೆಯ ಎತ್ತರದ ಮನೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಆ ಕಡೆಯವರು ಎಷ್ಟು ಮಂದಿ ಎಂಬುದು ಈ ಸಭೆಗೆ ಗೊತ್ತು.

ಈಗ ನಮ್ಮ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ. 2009ರಲ್ಲಿ ಬೆಂಗಳೂರಿನಿಂದ ಹೋದ ತಂಡವೊಂದರಲ್ಲಿದ್ದವರು ವಿಜ್ಞಾನದ ವಿದ್ಯಾರ್ಥಿಗಳಲ್ಲ. ಸೃಷ್ಟಿ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯವರು. ಅವರು ಆರಿಸಿಕೊಂಡದ್ದು ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ. ಆ ವಾಸನೆಗೆ ಮುಖ್ಯ ಕಾರಣವಾದ ಪದಾರ್ಥಕ್ಕೆ ಜಿಯೋಸ್ಮಿನ್ ಎಂದು ಹೆಸರು. ಅದನ್ನು ತಯಾರಿಸುವುದು ಮಣ್ಣಲ್ಲ, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಾಣು. ಬೀಟ್‌ರೂಟಿನ ಮಣ್ಣುರುಚಿಯೂ ಕೆರೆಮೀನಿನ ಕೆಸರುವಾಸನೆಯೂ ಇದರದೇ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಅದನ್ನು ಮಾಡಲು ಬೇಕಾದ ಕಚ್ಚಾ ಪದಾರ್ಥ ಇ. ಕೋಲಿಯ ಒಳಗೆ ಮೊದಲೇ ಇದೆ. ಇಲ್ಲದಿರುವುದು ಅದನ್ನು ಜಿಯೋಸ್ಮಿನ್ ಆಗಿ ಮಾರ್ಪಡಿಸುವ ಒಂದು ಕಿಣ್ವ. ಆ ಒಂದು ಕಿಣ್ವದ ವಂಶವಾಹಿಯನ್ನು ತಂದು ಸೇರಿಸುವುದೇ ಅವರು ಕೈಹಾಕಿದ ಕೆಲಸ. ಕನೌಜಿನ ಅತ್ತರಿನವರು ಸುಟ್ಟ ಮಣ್ಣನ್ನು ಬಟ್ಟಿಯಿಳಿಸಿ ಮಣ್ಣಿನ ಅತ್ತರನ್ನು ತೆಗೆಯುತ್ತ ಬಂದಿದ್ದಾರೆ. ಇವರು ಅದೇ ಪರಿಮಳಕ್ಕೆ ಬೇರೆ ಬಾಗಿಲು ತಟ್ಟಿದರು. ಅವರೆಲ್ಲ ಕನ್ನಡಿಗರೆಂದು ನಾವು ಹೇಳುತ್ತಿಲ್ಲ. ನಾವು ಪುಣೆಗೆ ಬಂದಂತೆ ಬೆಂಗಳೂರಿಗೆ ಬಂದವರೂ ಇದ್ದಿರಬಹುದು. ಆ ವರ್ಷದ ಮೇಳ ನಡೆದದ್ದು ಅಕ್ಟೋಬರಿನ ಕೊನೆ, ನವೆಂಬರಿನ ಮೊದಲ ದಿನಗಳಲ್ಲಿ. ಇಲ್ಲಿ ನಾವು ರಾಜ್ಯೋತ್ಸವದ ಧ್ವಜವನ್ನೇರಿಸುವ ಹೊತ್ತಿಗೆ ಅಲ್ಲಿ ಅವರು ಮಳೆಯ ಮಾತನಾಡುತ್ತಿದ್ದರು.

ಇನ್ನು ಅಜ್ಜಿಯ ಪ್ರಶ್ನೆ. ಅದನ್ನು ನಕ್ಕು ತಳ್ಳಿಹಾಕಬಾರದು. ಈ ವಿದ್ಯೆಯನ್ನು ಕಂಡುಹಿಡಿದವರೇ 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರಿನಲ್ಲಿ ಸೇರಿ, ಯಾವ ಪ್ರಯೋಗ ಮಾಡಬಹುದು, ಯಾವುದಕ್ಕೆ ಎಷ್ಟು ಎಚ್ಚರ ಬೇಕು ಎಂದು ಚರ್ಚಿಸಿದರು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಬಿ.ಟಿ. ಬದನೆಯನ್ನು ತಡೆಹಿಡಿಯಿತು, ಅದಕ್ಕೆ ಮುಂಚೆ ಬೆಂಗಳೂರಿನಲ್ಲೂ ಸಾರ್ವಜನಿಕ ವಿಚಾರಣೆ ನಡೆದಿತ್ತು. ನಮ್ಮ ಮಟ್ಟುಗುಳ್ಳದ ಗತಿಯೇನು ಎಂದು ಆಗ ಉಡುಪಿಯ ಕಡೆಯವರು ಚಿಂತಿಸಿದ್ದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಹೊಲಕ್ಕಿಳಿದ ಬೀಜವನ್ನು ಹಿಂದಕ್ಕೆ ಕರೆಯುವುದು ಕಷ್ಟ. ಆದರೆ ಅದೇ ಅಜ್ಜಿ ಬೆಳಗ್ಗೆ ಚುಚ್ಚಿಸಿಕೊಳ್ಳುವ ಇನ್ಸುಲಿನ್ ಕೂಡ ಹೀಗೆಯೇ ತಿದ್ದಿದ ಸೂಕ್ಷ್ಮಾಣುವಿನಿಂದಲೋ ಯೀಸ್ಟಿನಿಂದಲೋ ಬಂದದ್ದು; 1982ರಿಂದ ಅದು ಬಳಕೆಯಲ್ಲಿದೆ. ಮುಚ್ಚಿದ ಪಾತ್ರೆಯೊಳಗಿನ ಕೆಲಸ ಬೇರೆ, ಬಯಲಿಗೆ ಬಿಡುವುದು ಬೇರೆ. ಈ ಪಂದ್ಯದಲ್ಲಿ ತಿದ್ದಿದ ಜೀವಿಯನ್ನು ಪ್ರಯೋಗಶಾಲೆಯ ಹೊರಗೆ ಬಿಡಕೂಡದೆಂಬ ಕಟ್ಟಳೆಯಿದೆ. ಸುರಕ್ಷತೆಯ ವಿವರವನ್ನು ಪ್ರತಿ ತಂಡವೂ ಬರೆದು ಒಪ್ಪಿಸಬೇಕು. ಸಾಮಾನ್ಯವಾಗಿ ಬಳಸುವುದು ಪ್ರಯೋಗಶಾಲೆಯಲ್ಲೇ ಬಹುಕಾಲ ಸಾಕಿದ, ರೋಗ ತರುವ ಶಕ್ತಿಯಿಲ್ಲದ ತಳಿಗಳನ್ನು.

ಮಾರ್ಕಿನ ವಿಷಯವನ್ನು ಉದ್ದಮಾಡುವುದಿಲ್ಲ. ಹೆಚ್ಚಿನ ಕಡೆ ಬರುವುದಿಲ್ಲ. ನಮಗೆ ನಿಜವಾಗಿ ಕಳವಳವಿರುವುದು ದುಡ್ಡಿನ ಬಗ್ಗೆ. ತಂಡದ ಪ್ರವೇಶಶುಲ್ಕವೇ ಸಾವಿರಾರು ಡಾಲರು. ಅದರ ಮೇಲೆ ರಾಸಾಯನಿಕಗಳ ವೆಚ್ಚ, ವಿಮಾನದ ಟಿಕೆಟ್ಟು, ವೀಸಾ. ಸಿರಿವಂತ ದೇಶಗಳ ತಂಡಗಳೊಡನೆ ಒಂದು ಸಾಮಾನ್ಯ ಕಾಲೇಜಿನ ಮಕ್ಕಳು ಸರಿಸಮ ನಿಲ್ಲುತ್ತಾರೆಂದರೆ ಅದು ಬರೀ ಮಾತು. ಒಂದು ಸಮಾಧಾನವೆಂದರೆ, ತಂಡಗಳು ಮಾಡಿದ್ದನ್ನೆಲ್ಲ ಯಾರು ಬೇಕಾದರೂ ಓದುವಂತೆ ಪ್ರಕಟಿಸಲೇಬೇಕು. ಹೋಗಲಾಗದವರು ಅದನ್ನೋದಿಯೂ ಬಹಳ ಕಲಿಯಬಹುದು.

ಇನ್ನೊಂದು ನಿಯಮ ನಮ್ಮ ಸಂಘಕ್ಕೇ ಹೊಂದುವಂತಿದೆ. ತಂಡದವರು ಪ್ರಯೋಗಶಾಲೆಯಿಂದ ಹೊರಬಂದು ಊರವರೊಡನೆ ಮಾತನಾಡಿ, ಅವರ ಅಂಜಿಕೆಗಳನ್ನು ಕೇಳಿ, ಅದರಿಂದ ತಮ್ಮ ಕೆಲಸ ಹೇಗೆ ಬದಲಾಯಿತೆಂದು ತೋರಿಸಬೇಕು. ಅದನ್ನು ತೀರ್ಪುಗಾರರು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಹುಡುಗ ಹುಡುಗಿಯರು ಈ ಮಾತನ್ನು ಇಂಗ್ಲಿಷಿನಲ್ಲಿ ಆಡಬಲ್ಲರು, ಮರಾಠಿಯಲ್ಲೂ ಆಡಬಲ್ಲರು. ಕನ್ನಡದಲ್ಲಿ ಆಡಿ ಎಂದರೆ ತಡವರಿಸುತ್ತಾರೆ. ಮನೆಯಲ್ಲಿ ಊಟತಿಂಡಿಯ ಕನ್ನಡವಷ್ಟೇ ಉಳಿದರೆ ಹೀಗೇ ಆಗುವುದು. ವಂಶವಾಹಿ, ಕಿಣ್ವ, ಜೀವಕೋಶ ಎಂಬ ಮಾತುಗಳು ನಮ್ಮಲ್ಲಿ ಆಗಲೇ ಇವೆ, ಅವರ ಕಿವಿಗೆ ಬಿದ್ದಿಲ್ಲ ಅಷ್ಟೆ. ಬರುವ ಡಿಸೆಂಬರಿನಿಂದ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಇಂಥ ವಿದ್ಯಾರ್ಥಿಗಳು ಸಂಘದ ಕೋಣೆಯಲ್ಲಿ ಕುಳಿತು ಹಿರಿಯರಿಗೆ ತಮ್ಮ ಕೆಲಸವನ್ನು ಕನ್ನಡದಲ್ಲಿ ತಿಳಿಸಲಿ. ಹಿರಿಯರು ಸಂಕೋಚವಿಲ್ಲದೆ ಪ್ರಶ್ನೆ ಕೇಳಲಿ. ಕಾರ್ಯದರ್ಶಿಗಳು ಕೋಣೆಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಮೊದಲ ಭಾನುವಾರದ ಕಾಫಿ ತಿಂಡಿಯ ಭಾರವನ್ನು ಮಹಿಳಾ ವಿಭಾಗದವರು ವಹಿಸಿಕೊಂಡಿದ್ದಾರೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯಿರುವ ಪುಸ್ತಕದಲ್ಲಿ ಬರೆದು ಹೋಗಬೇಕಾಗಿ ಕೋರುತ್ತೇವೆ.