ನಡೆದಾಗ ನೋಯುವ ಕಾಲಿಗೆ ನಡಿಗೆಯೇ ಚಿಕಿತ್ಸೆ



ಗ್ರಾಮಸಭೆಗೆ ಬರುವ ಹಿರಿಯರಲ್ಲಿ ಕೆಲವರು ದಾರಿಯಲ್ಲಿ ಎರಡು ಮೂರು ಕಡೆ ನಿಂತು ಬರುವುದನ್ನು ತಾವು ಕಂಡಿದ್ದೀರಿ. ನಡೆದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಇದನ್ನು ವಯಸ್ಸಿನ ದೋಷವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಇದು ಕಾಲಿನ ರಕ್ತನಾಳ ಕಿರಿದಾಗಿರುವುದರ ಲಕ್ಷಣವಾಗಿರಬಹುದು.

ನಾನು ಎಂಜಿನಿಯರಿಂಗ್ ಓದಿದವನು, ವೈದ್ಯನಲ್ಲ. ಆದುದರಿಂದ ನಮಗೆಲ್ಲ ಪರಿಚಿತವಾದ ನೀರಿನ ಕೊಳವೆಯ ನಿದರ್ಶನವನ್ನೇ ಕೊಡುತ್ತೇನೆ. ಗಡಸು ನೀರಿನಿಂದ ಕೊಳವೆಯೊಳಗೆ ಸುಣ್ಣ ಕಟ್ಟಿಕೊಂಡರೂ ಒಂದು ನಲ್ಲಿ ತೆರೆದಾಗ ನೀರು ಸಾಲುತ್ತದೆ. ಬೆಳಿಗ್ಗೆ ಎಲ್ಲ ನಲ್ಲಿಗಳೂ ತೆರೆದಾಗ ಕೊನೆಯ ಮನೆಗೆ ತಲುಪದು. ಕುಳಿತ ಕಾಲಿಗೆ ಸಾಲುವ ರಕ್ತ ನಡೆಯುವ ಕಾಲಿಗೆ ಸಾಲದಿರುವುದು ಹೀಗೆಯೇ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇದರ ಮುಖ್ಯ ಕಾರಣಗಳು.

ನೋವಿಗೆ ಅಂಜಿ ಮನೆ ಸೇರಿದವರ ಕಾಲು ಮತ್ತಷ್ಟು ಸೊರಗುತ್ತದೆ. ಚಳ್ಳಕೆರೆಯ ಬಯಲುಗಳಲ್ಲಿ ಕುರಿ ಮೇಯಿಸುವವರಿಗೆ, ಮೊಳಕಾಲ್ಮುರಿನಲ್ಲಿ ಮಗ್ಗ ತುಳಿಯುವ ನೇಕಾರರಿಗೆ ಕಾಲು ಸೋತರೆ ಬದುಕೇ ಸೋತಂತೆ. ವೈದ್ಯಶಾಸ್ತ್ರ ಸೂಚಿಸುವ ಮಾರ್ಗವೆಂದರೆ, ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ನಡೆಯುವುದು. ನೋವು ಮಧ್ಯಮ ಪ್ರಮಾಣಕ್ಕೆ ಬರುವವರೆಗೆ ನಡೆದು, ಅದು ಇಳಿಯುವವರೆಗೆ ವಿಶ್ರಮಿಸಿ, ಮತ್ತೆ ನಡೆಯಬೇಕು. ಹೀಗೆ ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ 3 ದಿನ, ಕನಿಷ್ಠ 12 ವಾರ. ಕಿರಿದಾದ ನಾಳ ಇದರಿಂದ ಮೊದಲಿನಂತಾಗುವುದಿಲ್ಲ. ದೊರೆತ ರಕ್ತವನ್ನೇ ಸ್ನಾಯುಗಳು ಚೆನ್ನಾಗಿ ಬಳಸಲು ಕಲಿಯುತ್ತವೆ, ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ‘ಮನೆಯಲ್ಲಿ ನಡೆಯಿರಿ’ ಎಂದು ಹೇಳಿ ಕಳುಹಿಸುವುದಕ್ಕಿಂತ ಮೇಲ್ವಿಚಾರಣೆಯ ಅಭ್ಯಾಸವೇ ಹೆಚ್ಚು ಫಲಕಾರಿ ಎಂದು ಅಧ್ಯಯನಗಳು ತೋರಿಸಿವೆ. ಜೊತೆಗೆ ಬೀಡಿ ಬಿಡಲೇಬೇಕು.

ಒಂದು ಎಚ್ಚರಿಕೆ. ವೈದ್ಯರು ಕಾಲನ್ನೂ ಹೃದಯವನ್ನೂ ಪರೀಕ್ಷಿಸಿದ ಮೇಲೆಯೇ ಇದನ್ನು ಆರಂಭಿಸಬೇಕು. ಮಲಗಿದಾಗಲೂ ನೋವು, ಮಾಯದ ಹುಣ್ಣು, ಕಪ್ಪಾದ ಬೆರಳು, ಒಮ್ಮೆಲೇ ತಣ್ಣಗಾಗಿ ಬಿಳಿಚಿದ ಕಾಲು ಕಂಡುಬಂದರೆ ವ್ಯಾಯಾಮವಲ್ಲ, ತಕ್ಷಣ ಆಸ್ಪತ್ರೆ. ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ತಮ್ಮಲ್ಲಿ ನನ್ನ ವಿನಂತಿ ಎರಡು. ತಮ್ಮ ವಾರ್ಡಿನಲ್ಲಿ ಹೀಗೆ ನಿಂತು ನಿಂತು ನಡೆಯುವವರನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಗುರುತಿಸಿ, ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿಕೊಡಿ. ಆರೋಗ್ಯ ಕೇಂದ್ರದ ಬಳಿ ನೆರಳಿರುವ, ಸಮತಟ್ಟಾದ ನಡಿಗೆಯ ಹಾದಿಯನ್ನೂ ಕೂರಲು ಕಲ್ಲುಬೆಂಚುಗಳನ್ನೂ ಒದಗಿಸುವ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚಿಸಿ.

ರಸ್ತೆ ಮಾಡಿಸಿದ್ದೇವೆ, ಅದರ ಮೇಲೆ ನಡೆಯಲಾಗದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ.