ಸಾಬೀತಿನ ಹೊರೆ ಯಾರ ಹೆಗಲಿಗೆ?

ನಮ್ಮ ಕರಾವಳಿಯ ಮಾತಿನಲ್ಲಿ 'ಮದ್ದು' ಎಂಬುದು ವಿಚಿತ್ರವಾದ ಶಬ್ದ. ರೋಗಿಗೆ ಕುಡಿಸುವುದೂ ಮದ್ದು, ಕೋವಿಯಲ್ಲಿ ತುಂಬುವುದೂ ಮದ್ದು, ಅಡಿಕೆ ಮರಕ್ಕೆ ಬಿಡುವುದೂ ಮದ್ದೇ. ಕಾಯುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ಹಿರಿಯರು, ಅವೆರಡರ ನಡುವಿನ ಗೆರೆ ಬಹಳ ತೆಳು ಎಂಬುದನ್ನು ಅರಿತಿದ್ದರೋ ಏನೋ. ಅಂಥ ಒಂದು ಮದ್ದು ಆಕಾಶದಿಂದ ಸುರಿದ ಮೇಲೆ, ಅದಕ್ಕೆ ಬಲಿಯಾದವರ ಮನೆಯವರಿಗೆ ಸಮಾಜ ಏನು ಸಲ್ಲಿಸಬೇಕು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಗೇರು ಮರ ಚಿಗುರಿ ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆ ಎಂಬ ಕೀಟ ಅದರ ರಸ ಹೀರುತ್ತದೆ. ಇದನ್ನು ತಡೆಯಲೆಂದು ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಪ್ಪತ್ತರ ದಶಕದ ಕೊನೆಗೆ ಮೊದಲಾದ ಈ ಕೆಲಸ 2000ದವರೆಗೂ ನಡೆಯಿತು. ಗಡಿಯ ಈಚೆಗೆ, ನಮ್ಮ ರಾಜ್ಯದ ಗೇರು ಗುಡ್ಡೆಗಳ ಮೇಲೂ ಅದೇ ಮದ್ದು ಬಿತ್ತು. ಗುಡ್ಡೆಯ ಮೇಲೆ ತೋಟ, ತಗ್ಗಿನಲ್ಲಿ ಮನೆ, ಅಂಗಳದಲ್ಲಿ ತೆರೆದ ಬಾವಿ: ಇದು ನಮ್ಮ ನಾಡಿನ ನೆಲದ ರಚನೆ. ಮೇಲೆ ಬಿದ್ದದ್ದು ಕೆಳಗಿಳಿಯದೆ ಇರುವುದೆಂತು?

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿದ್ದುದನ್ನು ಪತ್ರಕರ್ತ ಶ್ರೀಪಡ್ರೆಯವರು ಬಹು ಹಿಂದೆಯೇ ಬರೆದರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ದುರ್ದೈವವನ್ನು ಗುರುತಿಸಿದರು. ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ 2000ದಲ್ಲಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಜಗತ್ತಿನ ರಾಷ್ಟ್ರಗಳು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನನ್ನು ಸೇರಿಸಿದ್ದೂ, ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದದ್ದೂ 2011ರಲ್ಲಿ.

ಈ ಸಂಗತಿಗಳನ್ನು ಉಡುಪಿ, ಮಣಿಪಾಲಗಳಲ್ಲಿರುವ ನಾವು ದೂರದ ಕಥೆಯೆಂಬಂತೆ ಓದಿದ್ದುಂಟು. ಆದರೆ ಬಾಧಿತರನ್ನು ಗುರುತಿಸಿದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಜೊತೆಗೆ ನಮ್ಮ ಉಡುಪಿಯೂ ಇದೆ. ಕರ್ನಾಟಕ ಸರಕಾರ ಅವರಿಗೆ ಮಾಸಾಶನ ಕೊಡುತ್ತದೆ. ಶೇಕಡಾ 25ರಿಂದ 60ರವರೆಗಿನ ವೈಕಲ್ಯಕ್ಕೆ ಒಂದು ಮೊತ್ತ, ಅದಕ್ಕೂ ಮೇಲ್ಪಟ್ಟದ್ದಕ್ಕೆ ಇನ್ನೊಂದು. ಇದು ಉಪಕಾರವೇ ಸರಿ. ಆದರೆ ವೈಕಲ್ಯವನ್ನು ಅಳೆದು ಕೊಡುವ ಹಣ ಆ ದೇಹಕ್ಕೆ ಅಂಟಿಕೊಂಡ ಹಣ. ದೇಹ ಅಳಿದ ದಿನ ಅದರ ಕಾರಣವೂ ಅಳಿಯುತ್ತದೆ. ಇಪ್ಪತ್ತೈದು ವರ್ಷ ಹಾಸಿಗೆ ಬಿಟ್ಟೇಳದ ಮಗನನ್ನು ಎತ್ತಿ ಇಳಿಸಿ, ತೊಳೆದು ಉಣಿಸಿ, ಆ ಬಿಡುವಿನಲ್ಲಿ ಬೀಡಿ ಕಟ್ಟಿ ಬದುಕಿದ ತಾಯಿಯ ಲೆಕ್ಕ ಯಾವ ಪುಸ್ತಕದಲ್ಲಿದೆ?

ಇಲ್ಲಿ ನನಗೆ ಸೈನಿಕರ ವಿಚಾರ ನೆನಪಾಗುತ್ತದೆ. ಅಮೆರಿಕದ ಸೈನ್ಯ 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡುಗಳ ಮೇಲೆ ಏಜೆಂಟ್ ಆರೆಂಜ್ ಮೊದಲಾದ ಎಲೆಯುದುರಿಸುವ ವಿಷಗಳನ್ನು ವಿಮಾನದಿಂದ ಸುರಿಯಿತು. ಅಲ್ಲಿದ್ದು ಮರಳಿದ ಸೈನಿಕರಿಗೆ ಮುಂದೆ ರೋಗಗಳು ಬಂದವು. 'ನಿನ್ನ ರೋಗಕ್ಕೆ ಆ ವಿಷವೇ ಕಾರಣವೆಂದು ಸಾಧಿಸಿ ತೋರಿಸು' ಎಂದರೆ ಬಡ ಸೈನಿಕ ಏನು ಮಾಡಬಲ್ಲ? ಬಹುಕಾಲದ ಹೋರಾಟದ ಬಳಿಕ 1991ರಲ್ಲಿ ಅಲ್ಲೊಂದು ಕಾಯಿದೆಯಾಯಿತು. ಅದರ ತಿರುಳಿಷ್ಟು: ನೀನು ಅಲ್ಲಿದ್ದದ್ದು ನಿಜ, ಪಟ್ಟಿಯಲ್ಲಿರುವ ರೋಗ ನಿನಗೆ ಬಂದದ್ದೂ ನಿಜ; ಹಾಗಿದ್ದರೆ ಎರಡಕ್ಕೂ ಸಂಬಂಧವಿದೆಯೆಂದು ಸರಕಾರವೇ ಭಾವಿಸತಕ್ಕದ್ದು. ಅವನು ಆ ರೋಗದಿಂದ ಸತ್ತರೆ ವಿಧವೆಗೂ ಎಳೆಯ ಮಕ್ಕಳಿಗೂ, ಆದಾಯ ಕಡಮೆಯಿದ್ದಲ್ಲಿ ತಂದೆತಾಯಿಗೂ ಮಾಸಾಶನದ ಹಕ್ಕಿದೆ. 2022ರ ಕಾಯಿದೆ ಆ ಪಟ್ಟಿಯನ್ನು ಹಿಗ್ಗಿಸಿತು. ಹಿಂದೆ ಅರ್ಜಿ ತಿರಸ್ಕೃತವಾದ ಕುಟುಂಬಗಳಿಗೂ ಮತ್ತೆ ಬಾಗಿಲು ತೆರೆಯಿತು.

ನಮ್ಮಲ್ಲಿಯೂ ಈ ವಿವೇಕ ಅಪರಿಚಿತವಲ್ಲ. ಧರಮ್‌ವೀರ್ ಸಿಂಗ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಇದನ್ನೇ ಹೇಳಿತು. ಸೇರುವಾಗ ಸೈನಿಕನಲ್ಲಿ ರೋಗವಿತ್ತೆಂದು ದಾಖಲಾಗಿರದಿದ್ದರೆ, ಮುಂದೆ ಬಂದ ಕಾಯಿಲೆ ಸೇವೆಯಿಂದಲೇ ಬಂದುದೆಂದು ಭಾವಿಸಬೇಕು. ಅಲ್ಲವೆನ್ನುವವರು ಅದನ್ನು ಸಾಧಿಸಬೇಕು. ಕಾಪು, ಕಾರ್ಕಳಗಳ ಕಡೆಯಿಂದ ಸೈನ್ಯಕ್ಕೆ ಹೋಗಿ ಬಂದವರಿಗೆ ಈ ಮಾತಿನ ಬೆಲೆ ತಿಳಿದೀತು.

ಆದರೆ ಒಂದು ಕಹಿಸತ್ಯವನ್ನು ಮರೆಯಬಾರದು. ವಿಮಾನದ ಪಕ್ಷದ ಸೈನಿಕನಿಗೆ ದೊರೆತ ಹಕ್ಕು ವಿಮಾನದ ಕೆಳಗಿದ್ದ ವಿಯೆಟ್ನಾಮಿನ ರೈತನಿಗೆ ದೊರೆಯಲಿಲ್ಲ. ಅವರ ಪರವಾದ ಮೊಕದ್ದಮೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು. ನಮ್ಮ ಗೇರು ಗುಡ್ಡೆಯ ತಗ್ಗಿನ ಜನರೂ ವಿಮಾನದ ಕೆಳಗಿನವರೇ. ಅವರು ಯಾವ ಯುದ್ಧಕ್ಕೂ ಹೋಗಲಿಲ್ಲ. ಯುದ್ಧದ ಸಾಧನವೇ ಅವರ ಅಂಗಳಕ್ಕೆ ಬಂತು.

ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂಬ ಆಕ್ಷೇಪ ಉಂಟು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಮೀಂಜದ ಮಕ್ಕಳೊಡನೆ ಹೋಲಿಸಿ ಪಡ್ರೆಯಲ್ಲಿ ತೊಂದರೆ ಹೆಚ್ಚೆಂದು ಕಂಡುಕೊಂಡಿತು; ಸಂಬಂಧವಿಲ್ಲವೆಂದ ಸಮಿತಿಯೂ ಇದೆ. ಪಂಡಿತರ ಚರ್ಚೆ ನಡೆಯಲಿ. ಆದರೆ ಸಂದೇಹವೆಂಬುದು ಉಳಿದರೆ, ಅದರ ಭಾರವನ್ನು ಹೊರಬೇಕಾದವರು ಸಿಂಪಡಿಸಿದವರೋ, ಸಿಂಪಡಣೆಗೆ ಒಳಗಾದವರೋ? ಇದು ಪ್ರಯೋಗಶಾಲೆ ಉತ್ತರಿಸುವ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಮಾನವ ಹಕ್ಕುಗಳ ರಾಷ್ಟ್ರೀಯ ಆಯೋಗ 2010ರಲ್ಲಿ ಕಾಸರಗೋಡಿನಲ್ಲಿ ಸತ್ತವರ ಕುಟುಂಬಕ್ಕೂ, ಪೂರ್ಣ ಹಾಸಿಗೆ ಹಿಡಿದವರಿಗೂ 5 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಬಾಧಿತರೆಲ್ಲರಿಗೂ 5 ಲಕ್ಷ ಕೊಡಿರೆಂದು 2017ರಲ್ಲಿ ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರಲ್ಲಿ ನೋಡಿದರೆ, 3,704 ಮಂದಿಯಲ್ಲಿ ಹಣ ಸಂದದ್ದು ಕೋರ್ಟಿಗೆ ಮತ್ತೆ ಹೋದ 8 ಮಂದಿಗೆ ಮಾತ್ರ! ಅದಾದ ಮೇಲಷ್ಟೇ ಉಳಿದವರ ಕಡೆಗೆ ಆಡಳಿತದ ಕಣ್ಣು ಹೊರಳಿತು. ಆ ಐದು ವರ್ಷಗಳಲ್ಲಿ ಕಣ್ಮುಚ್ಚಿದವರಿಗೆ ಆ ತೀರ್ಪಿನಿಂದ ಬಂದದ್ದೇನು?

ನಾನು ಕೇಳುವುದು ಮೂರೇ ಮಾತು. ತೋಟದ ಸನಿಹ ಬಾಳಿದುದಕ್ಕೆ ದಾಖಲೆಯಿದ್ದು, ಗುರುತಿಸಿದ ರೋಗವೂ ಇದ್ದರೆ, ಬೇರೆ ಸಾಬೀತು ಬೇಡ. ಶುಶ್ರೂಷೆ ಮಾಡಿದವರಿಗೂ ಒಂದು ಮಾಸಾಶನವಿರಲಿ. ಶುಶ್ರೂಷೆ ಪಡೆದವರು ತೀರಿಕೊಂಡೊಡನೆ ಅದು ನಿಲ್ಲದಿರಲಿ. ಸತ್ತವರ ಹೆಸರೂ ಪಟ್ಟಿಯಲ್ಲಿ ಉಳಿಯಲಿ. ಬದುಕಿದ್ದಾಗ ವೈದ್ಯರ ಶಿಬಿರಕ್ಕೆ ಹೊತ್ತು ತರಲಾಗದೆ ಹೋದ ಮಕ್ಕಳ ಹೆಸರುಗಳೂ.

ನಮ್ಮ ದೇಶದಲ್ಲಿ ಸೈನಿಕನ ಹೆಂಡತಿಗೆ ಬರುವ ಮಾಸಾಶನವನ್ನು ಯಾರೂ ಭಿಕ್ಷೆಯೆನ್ನುವುದಿಲ್ಲ. ಅದು ನಾಡು ತೀರಿಸುವ ಸಾಲ. ಗೇರುಬೀಜ ಮಾರಿ ಬಂದ ಲಾಭ ಸರಕಾರದ ಬೊಕ್ಕಸಕ್ಕೆ ಸೇರಿದ್ದಾದರೆ, ಆ ಬೀಜ ಬೆಳೆಸಲು ಸುರಿದ ವಿಷದ ಸಾಲವೂ ಅದೇ ಬೊಕ್ಕಸಕ್ಕೆ ಸೇರಿದ್ದು. ಸಾಲ ಕೊಟ್ಟವನು ಸತ್ತನೆಂದು ಸಾಲ ತೀರಿತೆನ್ನುವ ನ್ಯಾಯ ನಮ್ಮ ಯಾವ ಊರಲ್ಲಿಯೂ ಇಲ್ಲ.