ಹಳೆಯ ಮೋಟಾರಿನ ಬ್ರೇಕು ಪೈಪು

(ಮುಂಬಯಿಯಲ್ಲಿ ಸಂಘದ ಆದಿತ್ಯವಾರದ ಕಸುಬಿನ ವರ್ಗದಲ್ಲಿ ಮಾಡಿದ ಭಾಷಣ)



ನಾನು ಮಾತಿಗೆ ನಿಂತೆನೆಂದರೆ ಸಂಬಳ, ರಜೆ, ಬೋನಸ್ಸಿನ ವಿಚಾರವೇ ಬರುವುದೆಂದು ತಾವು ಎಣಿಸಿರಬಹುದು. ಅದು ಬಾರದೆ ಹೋಗುವುದಿಲ್ಲ. ಆದರೆ ಮೊದಲಿಗೆ ಈ ಮೇಜಿನ ಮೇಲಿರುವ ಪೈಪಿನ ತುಂಡನ್ನು ಕೈಯಿಂದ ಕೈಗೆ ದಾಟಿಸಿ ನೋಡಿರಿ. ಪೆನ್ಸಿಲಿಗಿಂತ ಸಪೂರ. ಹೊರಗಿನ ಅಳತೆ ಅಂಗುಲದ ಹದಿನಾರರಲ್ಲಿ ಮೂರು ಪಾಲು, ಮಿಲಿಮೀಟರಿನ ಲೆಕ್ಕದಲ್ಲಿ ಸುಮಾರು 4.75. ಬ್ರೇಕು ತುಳಿದಾಗ ಕಾಲಿನ ಬಲ ಚಕ್ರಕ್ಕೆ ಮುಟ್ಟುವುದು ಇಂಥ ಪೈಪಿನೊಳಗಿನ ಎಣ್ಣೆಯ ಮೂಲಕ. ಜೋರಾಗಿ ತುಳಿದರೆ ಇದರೊಳಗೆ ಚದರಂಗುಲಕ್ಕೆ ಸಾವಿರ ಪೌಂಡು ಮೀರಿದ ಒತ್ತಡ ಏಳುತ್ತದೆ.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಹೋಟೇಲಿನವರು. ನಾನೂ ಏಳನೆಯ ಇಯತ್ತೆ ಮುಗಿಸಿ ಊರು ಬಿಟ್ಟವನು. ಲೋಟ ತೊಳೆಯುವಲ್ಲಿಂದ ಹಿಡಿದು ಸಪ್ಲಾಯರನವರೆಗೆ ಎಲ್ಲ ಕೆಲಸ ಮಾಡಿದವನು. ಈಚೆಗೆ ನಮ್ಮ ಹುಡುಗರು ಕೆಲವರು ಹೋಟೇಲು ಬಿಟ್ಟು ಗ್ಯಾರೇಜು ಸೇರಿದ್ದಾರೆ. ಹಳೆಯ ಕಾರುಗಳನ್ನು ಮತ್ತೆ ಮೊದಲಿನಂತೆ ಮಾಡಿಕೊಡುವ ಗ್ಯಾರೇಜುಗಳಲ್ಲೂ ನಮ್ಮವರಿದ್ದಾರೆ. ಅವರ ದೂರುಗಳನ್ನು ವಿಚಾರಿಸಲು ಹೋಗಿ ಹೋಗಿ ನನಗೂ ಈ ಕೆಲಸದ ರುಚಿ ಹತ್ತಿತು. ಒಬ್ಬ ಹಿರಿಯ ಮೇಸ್ತ್ರಿಗಳ ಕೈಕೆಳಗೆ ಎರಡು ವರ್ಷದ ಆದಿತ್ಯವಾರಗಳಲ್ಲಿ ಕಲಿತುಕೊಂಡೆ. ಅವರು ಕಲಿಸಿದ್ದನ್ನೇ ಇಂದು ಹೇಳುತ್ತೇನೆ.

ಈ ಊರಿನಲ್ಲಿ ಹಳೆಯ ಕಾರೆಂದರೆ ಫಿಯಟ್ಟು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಕಟ್ಟಿದ ಫಿಯಟ್ 1100, ಮುಂದೆ ಪದ್ಮಿನಿಯೆಂಬ ಹೆಸರಿನಿಂದ ಟ್ಯಾಕ್ಸಿಯಾಗಿ ಓಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಟ್ಯಾಕ್ಸಿಗಳ ಇಪ್ಪತ್ತು ವರ್ಷದ ಆಯುಷ್ಯ ಮುಗಿದು 2023ರ ಅಕ್ಟೋಬರಿನಲ್ಲಿ ಕೊನೆಯದೂ ರಸ್ತೆಯಿಂದ ಇಳಿಯಿತು. ಈಗ ಫಿಯಟ್ಟು ಶ್ರೀಮಂತರ ಹವ್ಯಾಸ. ಬಣ್ಣಕ್ಕೆ, ಹೊಳೆಯುವ ಬಂಪರಿಗೆ, ಸೀಟಿನ ಚರ್ಮಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಬ್ರೇಕು ಪೈಪು ಕಾರಿನ ಹೊಟ್ಟೆಯಡಿಯಲ್ಲಿ ಇರುವಂಥದು. ಯಾರ ಕಣ್ಣಿಗೂ ಬೀಳುವುದಿಲ್ಲ. ಆದ ಕಾರಣ ಅದಕ್ಕೆ ಹಣವೂ ಇಲ್ಲ, ವೇಳೆಯೂ ಇಲ್ಲ.

ಎಣ್ಣೆಯಿಂದ ನಡೆಯುವ ಬ್ರೇಕು ನೂರು ವರ್ಷ ಮೀರಿದ ವಿದ್ಯೆ. ಅಮೇರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬವರು 1917ರಲ್ಲಿ ಇದರ ಪೇಟೆಂಟು ಪಡೆದರು. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಕ್ಕೂ ಇದು ಬಂತು. ಮುಚ್ಚಿದ ಎಣ್ಣೆಯ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮವಾಗಿ ಹೋಗುತ್ತದೆ. ಇಷ್ಟೇ ಅದರ ಗುಟ್ಟು. ಆದರೆ ಈ ಗುಟ್ಟಿನಲ್ಲೇ ಅಪಾಯವೂ ಇದೆ. 1960ರ ದಶಕದ ಫಿಯಟ್ಟಿನಲ್ಲಿ, ಅಂಬಾಸಡರಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಅಲ್ಲಿಂದ ಹೊರಟ ಎಣ್ಣೆಯೇ ಕವಲೊಡೆದು ನಾಲ್ಕು ಚಕ್ರಕ್ಕೆ ಹೋಗಬೇಕು. ಹಿಂದಿನ ಎಡ ಚಕ್ರದ ಹತ್ತಿರ ಒಂದು ಪೈಪು ಒಡೆದರೆ ಮುಂದಿನ ಎರಡು ಚಕ್ರದ ಬ್ರೇಕೂ ಹೋಯಿತು. ಈ ಕಾರಣದಿಂದಲೇ ಮುಂದೆ ಎರಡು ಭಾಗದ ಏರ್ಪಾಡು ಬಂದದ್ದು. ಅಮೇರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ನಮ್ಮ ಗ್ಯಾರೇಜಿಗೆ ಬರುವ ಹಳೆಯ ಕಾರಿಗೆ ಆ ಭಾಗ್ಯವಿಲ್ಲ. ಕೈಬ್ರೇಕು ಬೇರೆಯೇ ಇದೆ ನಿಜ, ಆದರೆ ಓಡುವ ಕಾರನ್ನು ಅದರಿಂದ ನಿಲ್ಲಿಸಿ ನೋಡಿದವರನ್ನು ಕೇಳಿರಿ.

ಎರಡು ವರ್ಷದ ಹಿಂದೆ ಉಪನಗರದ ಒಂದು ಗ್ಯಾರೇಜಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಗ್ಯಾರೇಜಿನ ಹೆಸರು ಬೇಡ. ಹಳೆಯ ಕಾರುಗಳ ಮೆರವಣಿಗೆಯ ದಿನ ಹತ್ತಿರ ಬಂದಿತ್ತು. ಸರಿಯಾದ ಪೈಪು ತರಿಸಲು ವಾರ ಹಿಡಿಯುವುದೆಂದು ಮಾಲೀಕರು ಫ್ರಿಜ್ಜು ರಿಪೇರಿಯವರ ಬಳಿಯಿಂದ ತಾಮ್ರದ ಪೈಪು ತರಿಸಿ ಹಾಕಿಸಿದರು. ಮೇಸ್ತ್ರಿ ಬೇಡವೆಂದ, ಅವನ ಮಾತು ನಡೆಯಲಿಲ್ಲ. ಮೆರವಣಿಗೆಯೇನೋ ಸಾಂಗವಾಗಿ ಮುಗಿಯಿತು. ಮೂರು ತಿಂಗಳ ಮೇಲೆ ಅದೇ ಕಾರನ್ನು ತೊಳೆಯಲು ತಂದಾಗ, ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಯುತ್ತಿರುವಾಗ, ಪೆಡಲು ನೆಲಕ್ಕೆ ಹೋಯಿತು. ಹಿಂದೆ ನಿಂತು ದಾರಿ ತೋರಿಸುತ್ತಿದ್ದ ನಮ್ಮ ಹುಡುಗನ ಕಾಲು ಬಂಪರಿಗೂ ಗೋಡೆಗೂ ನಡುವೆ ಸಿಕ್ಕಿತು. ಪೈಪು ಬಿರಿದದ್ದು ನಟ್ಟಿನ ಒಳಗೆ, ಬಾಯಿಯ ಬುಡದಲ್ಲಿ, ಕೂದಲಿನಷ್ಟು. ಮೆತ್ತಗಿನ ತಾಮ್ರ ನಡುಗಿ ನಡುಗಿ ಗಡುಸಾಗುತ್ತದೆ, ಗಡುಸಾದದ್ದು ಬಿರಿಯುತ್ತದೆ. ಮಾಲೀಕರು ಹೇಳಿದ್ದೇನು ಗೊತ್ತೇ? ಹುಡುಗ ಅಲ್ಲಿ ನಿಂತದ್ದೇ ತಪ್ಪು ಎಂದು. ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದದ್ದು. ಅದನ್ನು ಅವರಿಗೆ ನೆನಪಿಸಲು ಸಂಘದ ನಾಲ್ಕು ಮಂದಿ ಏಳು ಸಲ ಹೋಗಬೇಕಾಯಿತು. ಆಸ್ಪತ್ರೆಯ ಖರ್ಚು ಬಂತು. ಹುಡುಗ ಈಗಲೂ ಕುಂಟುತ್ತಾನೆ.

ಹಾಗಾದರೆ ಯಾವ ಪೈಪು ಹಾಕಬೇಕು? ಹಿಂದಿನಿಂದ ಬಂದದ್ದು ಎರಡು ಪದರ ಸುತ್ತಿ ತಾಮ್ರದಿಂದ ಬೆಸೆದ ಉಕ್ಕಿನ ಪೈಪು, ಬಂಡಿ ಪೈಪೆಂದು ಕರೆಯುತ್ತಾರೆ. ಗಟ್ಟಿಯಾದದ್ದೇ, ಆದರೆ ಈ ಊರಿನ ಉಪ್ಪುಗಾಳಿಗೂ ಮಳೆಗೂ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ, ಮೇಲೆ ಬಣ್ಣ ಬಳಿದರೆ ಕಾಣುವುದೂ ಇಲ್ಲ. ಎರಡನೆಯದು ತಾಮ್ರಕ್ಕೆ ನೂರಕ್ಕೆ ಹತ್ತರಷ್ಟು ನಿಕ್ಕಲು ಬೆರೆಸಿದ್ದು. ತುಕ್ಕು ಹಿಡಿಯದು, ಕೈಯಲ್ಲೇ ಬಗ್ಗುತ್ತದೆ, ಬರಿಯ ತಾಮ್ರದಂತೆ ಬಿರಿಯದು. ಸ್ವೀಡನ್ನಿನ ವೋಲ್ವೋದವರು 1976ರಿಂದ ತಮ್ಮ ಕಾರುಗಳಿಗೆ ಇದನ್ನು ಹಾಕಿದರು. ನನ್ನನ್ನು ಕೇಳಿದರೆ ಇದೇ ಸರಿ. ಸ್ಟೇನ್‌ಲೆಸ್ಸಿನದು ನೋಟಕ್ಕೆ ಚಂದ, ಆದರೆ ಸಾಧಾರಣ ಕೈ ಉಪಕರಣದಿಂದ ಅದರ ಬಾಯಿ ಸರಿಯಾಗಿ ಅರಳದು. ಇನ್ನು, ಹಳೆಯ ಕಾರಿನಲ್ಲಿ ಹಳೆಯ ಪೈಪೇ ಇರಬೇಕು, ನಿಯಮ ಹಾಗಿದೆ ಎಂದು ವಾದಿಸುವವರಿದ್ದಾರೆ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮ ಐವತ್ತು ವರ್ಷ ಮೀರಿದ ಕಾರಿನ ಚಾಸಿ, ಬಾಡಿ, ಇಂಜಿನ್ನು ಮಾರ್ಪಡಿಸಬಾರದೆನ್ನುತ್ತದೆ. ತುಕ್ಕು ಹಿಡಿದ ಬ್ರೇಕು ಪೈಪನ್ನು ಪೂಜೆಗೆ ಇಟ್ಟುಕೊಳ್ಳಿರೆಂದು ಅದರಲ್ಲಿ ಬರೆದಿಲ್ಲ.

ಈಗ ಕೈಕೆಲಸ. ಹಳೆಯ ಪೈಪನ್ನು ತುಂಡು ಮಾಡದೆ ಬಿಚ್ಚಿರಿ. ಅದೇ ನಿಮ್ಮ ನಕ್ಷೆ. ಅದು ಇಲ್ಲವಾದರೆ ದಪ್ಪ ತಂತಿಯನ್ನು ಕಾರಿನಡಿಯಲ್ಲಿ ಬಗ್ಗಿಸಿ ಅಳತೆ ಹಿಡಿಯಬಹುದು. ಪೈಪನ್ನು ಹ್ಯಾಕ್ಸಾದಿಂದ ಕೊಯ್ಯಬಾರದು. ಪೈಪು ಕಟ್ಟರನ್ನು ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ ಬಿಗಿಮಾಡಿ ಕತ್ತರಿಸಬೇಕು. ತುದಿಯನ್ನು ಅರದಿಂದ ಸಮ ಮಾಡಿ, ಒಳ ಅಂಚಿನ ಮುಳ್ಳು ತೆಗೆದು, ಪುಡಿ ಊದಿ ಹಾಕಬೇಕು. ಆಮೇಲೆ ನಟ್ಟನ್ನು ಪೈಪಿಗೆ ಏರಿಸಬೇಕು. ಇದನ್ನು ಮರೆಯದ ಮೇಸ್ತ್ರಿ ಇನ್ನೂ ಹುಟ್ಟಿಲ್ಲವಂತೆ! ಬಾಯಿ ಅರಳಿಸಿದ ಮೇಲೆ ನಟ್ಟು ಹೋಗದು, ಮತ್ತೆ ಕತ್ತರಿಸಬೇಕು, ಪೈಪು ಒಂದು ಬೆರಳು ಕುಳ್ಳಾಗುತ್ತದೆ.

ಬಾಯಿ ಅರಳಿಸುವುದೇ ಈ ಕಸುಬಿನ ಜೀವ. ಗ್ಯಾರೇಜಿನಲ್ಲಿ ಫ್ಲೇರ್ ಎನ್ನುತ್ತಾರೆ. ಪೈಪಿನ ಅಂಚನ್ನು ಒಂದೇ ಸಲ ಅರಳಿಸಿ ಬಿಟ್ಟರೆ ಅದು ತೆಳ್ಳಗಾಗಿ ಸೀಳುತ್ತದೆ. ಅದಕ್ಕೆ ಎರಡು ಮಡಿಕೆ ಬೇಕು, ದರ್ಜಿಯವರು ಬಟ್ಟೆಯ ಅಂಚನ್ನು ಒಳಗೆ ಮಡಚಿ ಹೊಲಿಯುವಂತೆ. ಪೈಪನ್ನು ಸರಿಯಾದ ತೂತಿನ ಅಚ್ಚಿಗೆ ಹಾಕಿ, ಗುಂಡಿಯಚ್ಚಿನ ಮೆಟ್ಟಿಲು ಎಷ್ಟು ಎತ್ತರವೋ ಅಷ್ಟೇ ತುದಿ ಹೊರಗಿಟ್ಟು ಬಿಗಿಯಬೇಕು. ತುದಿಗೆ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿ ಗುಂಡಿಯಚ್ಚನ್ನು ಒತ್ತಿದಾಗ ಪೈಪಿನ ಬಾಯಿ ಹೊರಕ್ಕೆ ಉಬ್ಬುತ್ತದೆ. ಆ ಅಚ್ಚನ್ನು ತೆಗೆದು ಮೊನೆಯ ತಿರುಪಿನಿಂದ ಒತ್ತಿದರೆ ಉಬ್ಬಿದ ತುಟಿ ಒಳಕ್ಕೆ ಮಡಚಿ ಎರಡು ಪದರವಾಗಿ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿರಿ. ದುಂಡಗಿರಬೇಕು, ನಟ್ಟನಡುವೆ ಇರಬೇಕು, ಬಿರುಕಿನ ಗೀರೂ ಇರಬಾರದು. ಒಂದು ಕಡೆಗೆ ವಾಲಿದ್ದರೆ ಕತ್ತರಿಸಿ ಬಿಸಾಡಿರಿ. ನಟ್ಟು ಬಿಗಿಯಾದ ಮೇಲೆ ಈ ಬಾಯನ್ನು ಮತ್ತೆ ಯಾರೂ ನೋಡಲಾರರು. ಮಾಲೀಕರೂ ನೋಡಲಾರರು, ಸರಕಾರದ ಇನ್‌ಸ್ಪೆಕ್ಟರೂ ನೋಡಲಾರ. ಅದು ಸರಿಯಾಗಿದೆಯೋ ಇಲ್ಲವೋ ಎಂದು ಬಲ್ಲವನು ಅರಳಿಸಿದವನೊಬ್ಬನೇ. ಹೀಗಿರಲು ಅದಕ್ಕೆ ಬೇಕಾದ ವೇಳೆ ಎಷ್ಟೆಂದು ಹೇಳುವ ಅಧಿಕಾರವೂ ಅವನದೇ ಆಗಬೇಡವೇ?

ನಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಅಳತೆಯ ಮೂರೆಂಟಾಂಶ ಅಂಗುಲದ ನಟ್ಟೂ ಹತ್ತು ಮಿಲಿಮೀಟರಿನ ನಟ್ಟೂ ನೋಡಲು ಅಣ್ಣತಮ್ಮಂದಿರು. ಒಂದರ ತೂತಿಗೆ ಇನ್ನೊಂದು ಎರಡು ಸುತ್ತು ಹೋಗಿಯೂ ಹೋಗುತ್ತದೆ. ಬಲ ಹಾಕಿದರೆ ಮರೆ ತಿಂದುಹೋಗುತ್ತದೆ, ಅಪರೂಪದ ಮಾಸ್ಟರ್ ಸಿಲಿಂಡರು ಹಾಳು. ಚೋರ್ ಬಜಾರಿನಿಂದ ತಂದ ನಟ್ಟಾದರೆ ಮರೆಯ ಗೇಜು ಹಿಡಿದೇ ನೋಡಬೇಕು. ಬೆರಳಿನಿಂದಲೇ ನಾಲ್ಕು ಸುತ್ತು ಹೋದ ಮೇಲೆ ಪಾನಾ ಹಿಡಿಯಿರಿ. ನಲ್ಲಿಯವರಂತೆ ಬಿಳಿ ಟೇಪು ಸುತ್ತಬೇಡಿರಿ. ಇಲ್ಲಿ ಸೋರದಂತೆ ತಡೆಯುವುದು ಮರೆಯಲ್ಲ, ಅರಳಿದ ಬಾಯಿ.

ಜೋಡಿಸುವಾಗ ಪೈಪು ಸೈಲೆನ್ಸರಿನ ಹತ್ತಿರ ಸುಳಿಯಬಾರದು, ಎಲ್ಲಿಯೂ ತಗಡಿಗೆ ಉಜ್ಜಬಾರದು, ಹಳೆಯ ಕ್ಲಿಪ್ಪುಗಳಿದ್ದ ಜಾಗದಲ್ಲೆಲ್ಲ ಕ್ಲಿಪ್ಪು ಇರಬೇಕು. ಮುಂದಿನ ಎರಡು ಚಕ್ರಕ್ಕೂ ಹಿಂದಿನ ಆಕ್ಸಲಿಗೂ ಹೋಗುವ ರಬ್ಬರು ಹೋಸುಗಳನ್ನು ಕಡ್ಡಾಯವಾಗಿ ಹೊಸದು ಹಾಕಿರಿ. ಹಳೆಯ ಹೋಸು ಹೊರಗೆ ನೆಟ್ಟಗೆ ಕಂಡರೂ ಒಳಗೆ ಉಬ್ಬಿ ಮುಚ್ಚಿಕೊಂಡಿರುತ್ತದೆ. ತುಳಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ಹಿಂದಿರುಗದು, ಚಕ್ರ ಹಿಡಿದುಕೊಳ್ಳುತ್ತದೆ. ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆತನಕ ತಿರುಗಿಸಿ ಹೋಸು ಟಯರಿಗೆ ತಗಲುವುದೋ ನೋಡಬೇಕು.

ಎಣ್ಣೆಯ ಮಾತು ಹೋಟೇಲಿನವರಿಗೆ ಬೇಗ ತಿಳಿಯುತ್ತದೆ. ಬ್ರೇಕ್ ಆಯಿಲ್ ಎನ್ನುವುದು ಇಂಜಿನ್ ಆಯಿಲಿನ ಜಾತಿಯದಲ್ಲ. ಇಂಜಿನ್ ಆಯಿಲ್ ತಗಲಿದರೆ ಒಳಗಿನ ರಬ್ಬರೆಲ್ಲ ಊದಿ ಕೆಡುತ್ತದೆ. ಡಾಟ್ 3, ಡಾಟ್ 4 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಬೇಕು. ನೂರಕ್ಕೆ ಮೂರೂವರೆಯಷ್ಟು ನೀರು ಸೇರಿತೋ, 140ಕ್ಕೇ ಕುದಿಯಬಹುದು. ಖಂಡಾಲಾ ಘಾಟಿ ಇಳಿಯುವಾಗ ಡ್ರಮ್ಮು ಕಾದು ಎಣ್ಣೆ ಕುದಿದು ಹಬೆಯಾಯಿತೆನ್ನಿ. ಎಣ್ಣೆ ಅಮುಕಲಾಗದ ವಸ್ತು, ಹಬೆ ಅಮುಕಿದಷ್ಟು ಕುಗ್ಗುವಂಥದು. ತುಳಿದ ಕಾಲು ಹಬೆಯನ್ನು ಅಮುಕಿ ನೆಲ ಮುಟ್ಟುತ್ತದೆ, ಚಕ್ರಕ್ಕೆ ಸುದ್ದಿಯೇ ಹೋಗದು. ಆದ ಕಾರಣ ಬಾಯಿ ತೆರೆದಿಟ್ಟ ಡಬ್ಬಿಯ ಎಣ್ಣೆ ಬೇಡ. ಕಾರು ಓಡಲಿ, ಮೂಲೆಯಲ್ಲಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಗಾಳಿ ತೆಗೆಯುವುದು ಇಬ್ಬರ ಕೆಲಸ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು; ನಮ್ಮ ಕಾರುಗಳಲ್ಲಿ ಅದು ಹಿಂದಿನ ಎಡ ಚಕ್ರ. ಒಬ್ಬ ತುಳಿದು ಹಿಡಿಯಬೇಕು, ಇನ್ನೊಬ್ಬ ನಿಪ್ಪಲು ಸಡಿಲಿಸಿ, ಗುಳ್ಳೆ ಹೊರಟ ಮೇಲೆ ಬಿಗಿದು, ಬಿಡು ಎಂದು ಕೂಗಬೇಕು. ಕೂಗುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಗಲ್ಲೆಯಿಂದ ಅಡಿಗೆಮನೆಗೆ ಆರ್ಡರು ಕೂಗಿ ಅಭ್ಯಾಸವಿರುವ ನಮ್ಮವರು ಇದರಲ್ಲಿ ಗಟ್ಟಿಗರು. ಮುಗಿದ ಮೇಲೆ ಪೆಡಲನ್ನು ಬಲವಾಗಿ ತುಳಿದು ಹಿಡಿದಿರುವಾಗ ಪ್ರತಿ ನಟ್ಟನ್ನೂ ಬಿಳಿಯ ಕಾಗದದಿಂದ ಒರಸಿ ನೋಡಿರಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ.

ಇನ್ನೊಂದನ್ನು ಹೇಳಲೇಬೇಕು. ಡ್ರಮ್ಮು ಬಿಚ್ಚಿದಾಗ ಒಳಗಿರುವ ಕಪ್ಪು ಧೂಳನ್ನು ಗಾಳಿಯ ಪೈಪಿನಿಂದ ಊದಬೇಡಿರಿ. ಹಳೆಯ ಬ್ರೇಕು ಪಟ್ಟಿಗಳಲ್ಲಿ ಅಸ್ಬೆಸ್ಟಾಸ್ ಇದೆ. ಅದು ಶ್ವಾಸಕೋಶಕ್ಕೆ ಹೊಕ್ಕು, ಹತ್ತು, ಇಪ್ಪತ್ತು, ಮೂವತ್ತು ವರ್ಷದ ಮೇಲೆ ಕ್ಯಾನ್ಸರಾಗಿ ಕಾಣಿಸಿಕೊಳ್ಳುವಂಥದು; ಅಷ್ಟರಲ್ಲಿ ಗ್ಯಾರೇಜು ಯಾವುದು, ಮಾಲೀಕ ಯಾರು ಎಂದು ಹುಡುಕುವಂತಿಲ್ಲ. ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿರಿ. ಒಳ್ಳೆಯ ಮುಖವಾಡ ಮಾಲೀಕರು ಕೊಡಬೇಕು.

ಈಗ ಸಂಘದ ಮಾತು. ಒಂದು ಕಾರಿನ ಪೈಪುಗಳೆಲ್ಲವನ್ನು ಮಾಡಿ ಜೋಡಿಸಲು ನುರಿತ ಮೇಸ್ತ್ರಿಗೂ ಸಹಾಯಕನಿಗೂ ಎರಡು ಪೂರ್ತಿ ದಿನ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಒಪ್ಪಿಕೊಳ್ಳಬೇಡಿರೆಂದು ಗ್ಯಾರೇಜಿನ ಸದಸ್ಯರನ್ನು ಕೇಳಿಕೊಳ್ಳುತ್ತೇವೆ. ಬ್ರೇಕು ಬಿಚ್ಚಿದ ಕಾರಿನ ಕೀಲಿಕೈ ಪೈಪು ಮಾಡುವವನ ಕಿಸೆಯಲ್ಲಿರಬೇಕು, ಸ್ಟೇರಿಂಗಿಗೆ ‘ಬ್ರೇಕು ಇಲ್ಲ’ ಎಂಬ ಹಲಗೆ ತೂಗಬೇಕು. ಹಲಗೆಗಳನ್ನು ನಾವು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಸಿದ್ದೇವೆ, ಹೊರಡುವಾಗ ತೆಗೆದುಕೊಂಡು ಹೋಗಿರಿ. ಯಾವ ಪೈಪು, ಯಾವ ಎಣ್ಣೆ, ಯಾವ ದಿನ, ಯಾರ ಕೈ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮಾಲೀಕರ ಸಹಿ ಪಡೆಯಿರಿ. ಬೇಡವೆಂದ ಪೈಪನ್ನು ಹಾಕೆಂದರೆ ಅದನ್ನೂ ಬರೆಯಿರಿ. ಪುಸ್ತಕ ತೆರೆದ ಎರಡು ಗ್ಯಾರೇಜುಗಳಲ್ಲಿ ಫ್ರಿಜ್ಜಿನ ಪೈಪು ಬರುವುದು ತಾನಾಗಿ ನಿಂತಿದೆ.

ಮುಂದಿನ ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿಯೇ ಬಾಯಿ ಅರಳಿಸುವ ಅಭ್ಯಾಸ. ಕಟ್ಟರು, ಅಚ್ಚು, ಪೈಪಿನ ತುಂಡುಗಳನ್ನು ಸಂಘ ಒದಗಿಸುತ್ತದೆ. ತಾವು ಹಳೆಯ ಅಂಗಿ ತೊಟ್ಟು ಬಂದರೆ ಸಾಕು. ಹೋಟೇಲಿನ ರಾತ್ರಿ ಪಾಳಿಯವರು ಹತ್ತಕ್ಕೆ ಬಂದರೂ ನಡೆದೀತು, ಅವರಿಗಾಗಿ ಒಂದು ವೈಸನ್ನು ಖಾಲಿ ಇಡುತ್ತೇವೆ.